ತಿರುಗಣಿ ದೇಶದ ತಕರಾರು ಅರ್ಜಿ

ಚಿನ್ನು, ಪುಟ್ಟಿ, ಮೊನ್ನೆ ನೀವಿಬ್ಬರೂ ಟಿವಿಯಲ್ಲಿ ಕಾರ್ ರೇಸ್ ನೋಡುತ್ತಿದ್ದಾಗ ಒಂದು ಕಾರಿನ ಮುಂದಿನ ಚಕ್ರ ಕಳಚಿ ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ನೀವು ಚಪ್ಪಾಳೆ ತಟ್ಟಿದಿರಿ. ನಾನು ಎದ್ದು ಒಳಗೆ ಹೋದೆ. "ಅಜ್ಜಿಗೆ ಭಯ ಕಣೋ" ಎಂದು ಪುಟ್ಟಿ ನಕ್ಕಿದ್ದು ಕೇಳಿಸಿತು. ವಾಪಸು ಬಂದು ಏನಾದರೂ ಹೇಳೋಣ ಎಂದು ಬಾಗಿಲ ತನಕ ಬಂದೆ, ಹಾಗೇ ಅಡುಗೆಮನೆಗೆ ತಿರುಗಿದೆ. ನನ್ನದು ಮೊದಲಿನಿಂದಲೂ ಹೀಗೇ. ನಾಲ್ಕು ಜನರ ಮುಂದೆ ಹೇಳಬೇಕಾದದ್ದು ನನ್ನ ಬಾಯಿಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳ ಬರವಣಿಗೆ ಇದು. ಅಕ್ಷರ ದುಂಡಗಿರಬೇಕು ಎಂದು ಮೇಷ್ಟರು ಕೋಲು ಹಿಡಿದು ಕಲಿಸಿದ್ದರು, ಅದೊಂದು ಕೈಬಿಟ್ಟಿಲ್ಲ. ಒಂದು ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಆಗುವುದಿಲ್ಲ, ಕತ್ತು ನೋಯುತ್ತದೆ.

ನಿಮ್ಮ ತಾತನನ್ನು ನೀವು ನೋಡಿಲ್ಲ. ಗೋಡೆಯ ಮೇಲಿನ ಫೋಟೊದಲ್ಲಿ ಅವರು ಬಿಗಿಯಾಗಿ ಕೂತಿದ್ದಾರೆ, ಆದರೆ ಅವರು ಹಾಗಿರಲಿಲ್ಲ.

ಆಗ ನಾವು ಲಗ್ಗೆರೆಯಲ್ಲಿದ್ದೆವು. ಕೆಳಗೆ ಎರಡು ರೂಮಿನ ಮನೆ, ಮೇಲೆ ತಾರಸಿಯ ಮೂಲೆಯಲ್ಲಿ ಶೀಟು ಹಾಕಿದ ಒಂದು ರೂಮು. ಪೀಣ್ಯಕ್ಕೆ ಮೆಟ್ರೊ ಬಂದಿರಲಿಲ್ಲ, ರಸ್ತೆ ನಡುವೆ ಕಂಬಗಳಷ್ಟೇ ಎದ್ದು ನಿಂತಿದ್ದವು. ತಾತ ಬೆಳಗ್ಗೆ ಡಬ್ಬಿ ಹಿಡಿದು ಆ ದೂಳಿನಲ್ಲೇ ನಡೆದು ಶೆಡ್ಡಿಗೆ ಹೋಗುತ್ತಿದ್ದರು. ಸಣ್ಣ ಕಾರ್ಖಾನೆಗೆ ನಮ್ಮ ಕಡೆ ಶೆಡ್ಡು ಎನ್ನುತ್ತೇವೆ. ಸಂಜೆ ಬಂದಾಗ ಅವರ ಚಪ್ಪಲಿ ಅಡಿಯಲ್ಲಿ ಕಬ್ಬಿಣದ ಸುರುಳಿ ಚೂರುಗಳು ಚುಚ್ಚಿಕೊಂಡಿರುತ್ತಿದ್ದವು. ಅವನ್ನು ಬಾಗಿಲ ಹೊರಗೇ ಕೀಳದೆ ಒಳಗೆ ಬಂದರೆ ನನ್ನ ಕಾಲಿಗೆ ಚುಚ್ಚುತ್ತಿತ್ತು.

ಶೆಡ್ಡಿನಲ್ಲಿ ಅವರದು ಅಳೆಯುವ ಕೆಲಸ. ಮಿಷಿನ್ನಿನಿಂದ ಬಂದ ಪ್ರತಿಯೊಂದು ತುಂಡೂ ಕೊನೆಗೆ ಅವರ ಟೇಬಲ್ಲಿಗೆ ಬರಬೇಕು. ಅಳತೆ ಸರಿ ಇದ್ದರೆ ಟ್ರೇಗೆ, ತಪ್ಪಿದ್ದರೆ ಕೆಂಪು ಬಣ್ಣ ಬಳಿದು ಮೂಲೆಗೆ. ಕೆಂಪು ಬಿದ್ದ ತುಂಡನ್ನು ಓನರೂ ಮುಟ್ಟುವಂತಿರಲಿಲ್ಲ. "ನಮ್ಮಪ್ಪ ಬಂದು ಕೇಳುದ್ರೂ ಪಾಸ್ ಮಾಡಾಕಿಲ್ಲ" ಎಂದು ಅವರು ಹೇಳುತ್ತಿದ್ದುದು ಬಡಾಯಿ ಆಗಿರಲಿಲ್ಲ. ನಾನೂ ಅದೇ ಶೆಡ್ಡಿನಲ್ಲಿ ಕೆಲವು ವರ್ಷ ದುಡಿದವಳು. ತುಂಡಿನ ಅಂಚಿನಲ್ಲಿ ಉಳಿದ ಚೂಪು ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುವ ಕೆಲಸ. ಮಂಡಿ ಹಿಡಿದುಕೊಂಡ ಮೇಲೆ ಬಿಟ್ಟೆ. ಹಾಗಾಗಿ ಅವರ ಟೇಬಲ್ಲಿನ ಸಾಮಾನು ನನಗೆ ಹೊಸದಲ್ಲ.

ಒಂದು ಸಲ ಶೆಡ್ಡಿಗೆ ಹೊಸ ಆರ್ಡರು ಬಂತು. ಮದ್ರಾಸಿನ ಕಡೆ ರೇಸ್ ಓಡಿಸುವ ಒಂದು ತಂಡದ ಕಾರುಗಳಿಗೆ ಚಕ್ರದ ಹಬ್ ಮಾಡಿಕೊಡಬೇಕು. ಎತ್ತಿನ ಗಾಡಿ ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಗುಂಬ ಇರುತ್ತದಲ್ಲ, ಹಬ್ ಎಂದರೆ ಅದೇ. ಅದರೊಳಗಿನ ತೂತಿನಲ್ಲಿ ಬೇರಿಂಗ್ ಬಿಗಿಯಾಗಿ ಕೂರಬೇಕು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಬೇರಿಂಗ್ ಅಲ್ಲಾಡುತ್ತದೆ, ಅಲ್ಲಾಡಿ ಅಲ್ಲಾಡಿ ಒಂದು ದಿನ ಚಕ್ರವೇ ಕಳಚಿಕೊಳ್ಳುತ್ತದೆ. ನೀವು ಟಿವಿಯಲ್ಲಿ ನೋಡುವಂಥದೇ ಕಾರು: ತಲೆಯ ಮೇಲೆ ಮುಚ್ಚಿಗೆ ಇಲ್ಲ, ನಾಲ್ಕು ಚಕ್ರವೂ ಹೊರಗೆ, ನಡುವೆ ಒಬ್ಬನೇ ಕೂರಬೇಕು.

ಓನರು ತಾತನನ್ನು ಒಂದು ರೇಸಿಗೆ ಕರೆದುಕೊಂಡು ಹೋಗಿದ್ದರು. ಬಿಸಿಲಿಗೆ ಮೂಗು ಸುಲಿದುಕೊಂಡು ಬಂದರು. ಎರಡು ದಿನ ಅದೇ ಮಾತು.

"ಓಡ್ಸೋನು ಇನ್ನೂ ಸಣ್ಣ ಮಗ ಕಣೆ. ಹೆಲ್ಮೆಟ್ ತೆಗುದ್ರೆ ಮುಖ ಎಲ್ಲ ಬೆವರುಸಾಲೆ. ಅವರಮ್ಮ ಒಂದು ಡಬ್ಬೀಲಿ ಮೊಸರನ್ನ ತಂದು ನಿಂತ್ಕಂಡಿದ್ಲು. ಅವನು ಉಂಡು, ಕೈ ತೊಳ್ದು, ಓಗಿ ಆ ತೊಟ್ಟಿಲಂಗಿರೋ ಕಾರಲ್ಲಿ ಕೂತ್ಕಂಡ."

ನಿಮ್ಮ ಅಮ್ಮ ಆಗ ಮೊದಲ ಪಿಯುಸಿ. "ಅಪ್ಪಾ, ಯಾವ ದೇಶದ ಚಾಂಪಿಯನ್‌ಶಿಪ್ ಎಲ್ಲಕ್ಕಿಂತ ದೊಡ್ಡದು?" ಎಂದು ಕೇಳಿದಳು. ತಾತನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ.

"ತಿರುಗಣಿ ದೇಶದ್ದು" ಎಂದರು.

ತಿರುಗಣಿ ಎಂದರೆ ನಮ್ಮೂರ ಬಡಗಿ ಮರ ಕಡೆಯುತ್ತಿದ್ದ ಸಾಧನ, ಇಂದಿನ ಲೇತಿನ ಅಜ್ಜ. ಹಾಗೊಂದು ದೇಶ ಹುಟ್ಟಿತು. ಮುಂದಿನ ಭಾನುವಾರದ ಹೊತ್ತಿಗೆ ಅದಕ್ಕೆ ಊರುಗಳಾದವು. ನೀರಿನ ಟ್ಯಾಂಕಿನ ನೆರಳು ಟ್ಯಾಂಕಿಪುರ, ಬಟ್ಟೆ ಒಣಹಾಕುವ ತಂತಿಯ ಕೆಳಗಿನ ಜಾಗ ತಂತಿಹಳ್ಳಿ, ಮೆಟ್ಟಿಲ ತಲೆ ಮೆಟ್ಟಿಲೂರು. ಒಂದೊಂದು ವಾರ ಒಂದೊಂದು ಊರಲ್ಲಿ ರೇಸು.

ಮೇಲಿನ ರೂಮಿನಲ್ಲಿ ಹಾವೇರಿ ಕಡೆಯವರೊಬ್ಬರು ಬಾಡಿಗೆಗಿದ್ದರು. ತಾತನ ಶೆಡ್ಡಿನಲ್ಲೇ ಮಿಷಿನ್ ಓಡಿಸುತ್ತಿದ್ದರು. ಹೆಂಡತಿ ಮಗು ಊರಲ್ಲಿ. ನಿಮ್ಮ ಅಮ್ಮ ಅವರನ್ನು ಮಾಮ ಎನ್ನುತ್ತಿದ್ದಳು, ನಾನೂ ಹಾಗೇ ಬರೆಯುತ್ತೇನೆ. ಓನರನ್ನು ಕೇಳಿ ಚೂರುಪಾರು ಹಿತ್ತಾಳೆಯಿಂದ ಪುಟ್ಟ ಪುಟ್ಟ ಚಕ್ರ ಕಡೆದುಕೊಟ್ಟವರು ಅವರೇ. ಮರದ ಕಾರಿನ ಮೈ ನಾವು ನಾವೇ ಕೆತ್ತಿಕೊಂಡೆವು. ಒಂದು ಹಲಗೆಯನ್ನು ಇಳಿಜಾರಾಗಿ ಇಟ್ಟು ಮೇಲಿನಿಂದ ಕಾರು ಬಿಡುವುದು. ಯಾರದು ತಾರಸಿಯ ಮೇಲೆ ಹೆಚ್ಚು ದೂರ ಓಡಿತೋ ಅವರು ಗೆದ್ದ ಹಾಗೆ. ಮೂರು ಟೀಮು: ನಿಮ್ಮ ಅಮ್ಮ, ಮಾಮ, ನಾನು. ತಾತ ಮುಖ್ಯ ಅಧಿಕಾರಿ. ಆಯುಧ ಪೂಜೆಗೆ ಮಿಷಿನ್ನುಗಳನ್ನೆಲ್ಲ ತೊಳೆದು ಕುಂಬಳಕಾಯಿ ಒಡೆದ ಮಾರನೇ ಭಾನುವಾರ ಹೊಸ ಸೀಸನ್ ಶುರು.

ನಾನು ಬೇಡ ಅಂದಿದ್ದೆ. ಭಾನುವಾರ ಒಂದೇ ದಿನ ನನಗೆ ಮಧ್ಯಾಹ್ನ ಮಲಗಲು ಸಿಗುತ್ತಿದ್ದದ್ದು. "ಎರಡು ಟೀಮಿದ್ರೆ ಅದು ಚಾಂಪಿಯನ್‌ಶಿಪ್ ಅಲ್ಲ, ಜಗಳ" ಎಂದು ತಾತ ನನ್ನನ್ನೂ ಎಳೆದರು. ಕಿಟಕಿಗೆ ಹೊಡೆದು ಉಳಿದಿದ್ದ ನೀಲಿ ಬಣ್ಣ ನನ್ನ ಕಾರಿಗೆ. ಅದು ಸದಾ ಎಡಕ್ಕೆ ಎಳೆಯುತ್ತಿತ್ತು, ಗೋಡೆಗೆ ಹೋಗಿ ಮೂಗು ಗುದ್ದಿಕೊಂಡು ನಿಲ್ಲುತ್ತಿತ್ತು.

"ಅಕ್ಕಾರ, ನಿಮ್ಮ ಕಾರು ರೇಸಿಗೆ ಬಂದೈತ್ಯೋ, ಪಕ್ಕದ ಮನ್ಯಾಗ ಸಕ್ಕರಿ ಕೇಳಾಕ ಹೊಂಟೈತ್ಯೋ?" ಎಂದು ಮಾಮ ನಗಿಸುತ್ತಿದ್ದರು.

ತಾತ ಆಟದಲ್ಲೂ ಅಳತೆ ಬಿಟ್ಟವರಲ್ಲ. ಚಕ್ರ ದೊಡ್ಡದಾದಷ್ಟೂ ಕಾರು ದೂರ ಓಡುತ್ತದೆ. ಆದ್ದರಿಂದ ಎಲ್ಲರ ಚಕ್ರವೂ ಇಪ್ಪತ್ತು ಮಿಲಿಮೀಟರಿನ ಒಳಗೇ ಇರಬೇಕು ಎಂಬುದು ನಿಯಮ. ಇದಕ್ಕಾಗಿ ಮಾಮ ಒಂದು ಉಕ್ಕಿನ ರಿಂಗು ಮಾಡಿದ್ದರು. ಚಕ್ರ ಅದರೊಳಗೆ ತೂರಿದರೆ ಸರಿ, ಸಿಕ್ಕಿಕೊಂಡರೆ ದೊಡ್ಡದು. ತಾತ ಅದನ್ನು ಡಬ್ಬಿಗೆ ಹಾಕಿ ಎತ್ತಿಟ್ಟುಬಿಟ್ಟರು. "ಇದು ಮಕ್ಕಳಾಟ. ಕಣ್ಣು ಮುಚ್ಕಂಡು ಯಾರು ಬೇಕಾದ್ರೂ ಮಾಡ್ತಾರೆ. ಮೈಕ್ರೊಮೀಟರಲ್ಲಿ ಅಳೆದ್ರೇನೇ ಅಳತೆ." ತಮ್ಮ ಸ್ವಂತ ಮೈಕ್ರೊಮೀಟರನ್ನು ಮಖಮಲ್ಲಿನ ಪೆಟ್ಟಿಗೆಯಿಂದ ತೆಗೆದು, ಚಕ್ರವನ್ನು ಅದರ ಬಾಯಿಗೆ ಕೊಟ್ಟು, ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ಓದುತ್ತಿದ್ದರು. ಬಿಗಿ ಹೆಚ್ಚಾದರೆ ಒಂದು ಲೆಕ್ಕ, ಕಡಿಮೆಯಾದರೆ ಇನ್ನೊಂದು. ಎಷ್ಟು ಬಿಗಿ ಎನ್ನುವುದು ಬೆರಳಿಗೆ ಗೊತ್ತಿರಬೇಕು. ತಾತನ ಬೆರಳಿಗೆ ಗೊತ್ತಿತ್ತು.

ಇನ್ನೊಂದು ನಿಯಮ ಇತ್ತು, ನಿಮ್ಮ ಅಮ್ಮ ಹಟ ಮಾಡಿ ಬರೆಸಿದ್ದು. ಅಧಿಕಾರಿಯ ಅಳತೆ ತಪ್ಪು ಎನಿಸಿದರೆ ಯಾವ ಟೀಮಾದರೂ ಬಿಳಿ ಹಾಳೆಯಲ್ಲಿ ತಕರಾರು ಅರ್ಜಿ ಕೊಡಬಹುದು. ಮುಂದಿನ ರೇಸು ಶುರುವಾಗುವ ಮೊದಲು ಕೊಡಬೇಕು. ಆಗ ಅಧಿಕಾರಿ ಎಲ್ಲರ ಎದುರು ಮತ್ತೆ ಅಳೆಯಬೇಕು. ತಕರಾರು ಸುಳ್ಳಾದರೆ ಕೊಟ್ಟವರ ಅಂಕ ಪೂರ್ತಿ ಹೋಗುತ್ತದೆ. ಎರಡು ವರ್ಷದಲ್ಲಿ ಒಬ್ಬರೂ ಅರ್ಜಿ ಕೊಟ್ಟಿರಲಿಲ್ಲ. ತಾತನ ಅಳತೆಯ ಮೇಲೆ ಯಾರು ಅರ್ಜಿ ಕೊಡುತ್ತಾರೆ?

ಮೂರನೇ ಸೀಸನ್ನಿನಲ್ಲಿ ತಾತ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದರು. ಚಳಿ ಎಂದರು. ಕಾರ್ತಿಕ ಮುಗಿದು ಬೇಸಗೆ ಬಂದರೂ ಹಾಗೇ ಹಿಡಿಯುತ್ತಿದ್ದರು. ಊಟಕ್ಕೆ ಕೂತರೆ ಸಾರು ತಟ್ಟೆಯಾಚೆ ಚೆಲ್ಲುತ್ತಿತ್ತು, ನಾನು ಒರೆಸುತ್ತಿದ್ದೆ. ಒರೆಸುವಾಗ ಅವರ ಮುಖ ನೋಡುತ್ತಿರಲಿಲ್ಲ. ಬಲಗೈ ಹೆಬ್ಬೆರಳು ಸುಮ್ಮನೆ ಕೂತಾಗಲೂ ತೋರುಬೆರಳಿನ ಮೇಲೆ ಏನೋ ಉರುಳಿಸುತ್ತಿರುವಂತೆ ಆಡುತ್ತಿತ್ತು. ಆ ದಿನಗಳಲ್ಲಿ ನನಗೆ ಬಿಡುವಿರಲಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಬಂದಾಗ ಬಂತು. ಕೊಡ ತುಂಬಿಸಿ ಮೇಲಿನ ಟ್ಯಾಂಕಿಗೆ ಸುರಿಯಲು ಮೆಟ್ಟಿಲು ಹತ್ತುವುದರಲ್ಲಿ ಮಂಡಿ ಕಿತ್ತು ಬರುತ್ತಿತ್ತು. ಸುಸ್ತಾದವರ ಕಣ್ಣು ತನಗೆ ಬೇಡದ್ದನ್ನು ಬಿಟ್ಟುಬಿಡುತ್ತದೆ.

ಒಂದು ಭಾನುವಾರ ಟ್ಯಾಂಕಿಪುರದಲ್ಲಿ ರೇಸು. ನಿಮ್ಮ ಅಮ್ಮ, ಮಾಮ ಇಬ್ಬರದೂ ಸಮ ಅಂಕ. ಮಾಮ ಆ ವಾರ ಹೊಸ ಚಕ್ರ ಹಾಕಿಕೊಂಡು ಬಂದಿದ್ದರು. ತಾತ ಅಳೆದರು: ಪಾಸು. ನಿಮ್ಮ ಅಮ್ಮನದು ಹಳೇ ಚಕ್ರವೇ. ಅದನ್ನು ಅಳೆದು, ಮತ್ತೆ ಅಳೆದು, "ದಪ್ಪ ಐತೆ. ರೇಸಿಂದ ಔಟು" ಎಂದರು.

"ಅಪ್ಪಾ! ಹೋದ ವಾರ ಇದೇ ಚಕ್ರಾನ ನೀವೇ ಪಾಸ್ ಮಾಡಿದ್ದು!"

"ಹೋದ ವಾರದ್ದು ಹೋದ ವಾರಕ್ಕೆ."

"ಹಿತ್ತಾಳೆ ಏನು ಊಟ ಮಾಡಿ ದಪ್ಪ ಆಗುತ್ತಾ?"

"ಅಧಿಕಾರಿ ಹತ್ರ ಎದುರು ಮಾತಾಡಿದ್ರೆ ಮುಂದಿನ ರೇಸಿಂದಾನೂ ಔಟು."

ಅವಳು ಕಾರನ್ನು ಹಲಗೆಯ ಮೇಲೆ ಕುಕ್ಕಿ ಕೆಳಗಿಳಿದು ಹೋದಳು. ಮಾಮ ಗೆದ್ದರು. ಗೆದ್ದರೂ ಅವತ್ತು ಅವರು ನಗಿಸಲಿಲ್ಲ.

ಸಂಜೆ ತಾರಸಿ ಗುಡಿಸಲು ಹೋದವಳು ಕಾರುಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ರಿಂಗು ಕೈಗೆ ಸಿಕ್ಕಿತು. ಮಗಳು ಕಾರು ಕುಕ್ಕಿ ಹೋದದ್ದು ಮನಸ್ಸಿನಲ್ಲಿತ್ತು. ಅವಳ ಕಾರಿನ ಚಕ್ರ ಬಿಚ್ಚಿ ರಿಂಗಿಗೆ ಬಿಟ್ಟೆ. ತೂರಿ ನನ್ನ ಅಂಗೈಗೆ ಬಿತ್ತು. ನಾಲ್ಕೂ ಬಿದ್ದವು. ಮಾಮನ ಚಕ್ರ ಬಿಟ್ಟೆ. ಅದು ರಿಂಗಿನ ಬಾಯಲ್ಲೇ ಕೂತಿತು. ತಿರುಗಿಸಿದೆ, ಒತ್ತಿದೆ, ಹೋಗಲಿಲ್ಲ.

ಪೊರಕೆ ಹಿಡಿದುಕೊಂಡೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ನನಗೆ ಆಗ ಹೊಳೆದದ್ದು ಆಟದ ವಿಷಯವಲ್ಲ. ಆ ವಾರ ಶೆಡ್ಡಿನಲ್ಲಿ ಹಬ್‌ಗಳ ದೊಡ್ಡ ಲಾಟು ಅಳೆಯುವುದಿತ್ತು, ಅದರ ಮುಂದಿನ ಸೋಮವಾರ ಬೆಳಗ್ಗೆ ಮದ್ರಾಸಿಗೆ ಹೊರಡುವುದಿತ್ತು. ತೂತಿಗೆ ತೂರಿಸಿ ನೋಡುವ ಗೇಜು ಸವೆದುಹೋಗಿ ಹೊಸದು ಬಂದಿರಲಿಲ್ಲ ಎಂದು ತಾತ ಆ ಬೆಳಗ್ಗೆಯಷ್ಟೇ ಹೇಳಿದ್ದರು. "ಗೇಜ್ ಇಲ್ದಿದ್ರೆ ಏನು, ನನ್ನ ಕೈ ಐತಲ್ಲ" ಎಂದಿದ್ದರು. ಅಂದರೆ ಆ ಹಬ್‌ಗಳಿಗೂ ನಾಲ್ಕು ಚಕ್ರಗಳ ನಡುವೆ ಕೂರುವ ಆ ಬೆವರುಸಾಲೆ ಮುಖದ ಮಗುವಿಗೂ ನಡುವೆ ಇದ್ದದ್ದು ತಾತನ ಕೈ ಒಂದೇ. ಆ ಕೈ ಈಗ ಸುಳ್ಳು ಹೇಳುತ್ತಿದೆ, ಅದು ಅವರಿಗೇ ಗೊತ್ತಿಲ್ಲ.

ಅವತ್ತೇ ಕೆಳಗಿಳಿದು ಹೇಳಬೇಕಿತ್ತು. ಅವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು, ಪೇಪರಿನ ಅಂಚು ಗಾಳಿ ಇಲ್ಲದೆ ಅದುರುತ್ತಿತ್ತು. ನಾನು ಮುಂದೆ ನಿಂತೆ.

"ಏನೇ?"

"ಏನಿಲ್ಲ. ಕಾಫಿ ಬೇಕಾ ಅಂತ."

ಮಂಗಳವಾರ ಒಂದು ಸಲ ಪ್ರಯತ್ನ ಮಾಡಿದೆ. "ನೋಡಿ, ಒಂದ್ಸಲ ಡಾಕ್ಟ್ರಿಗೆ ತೋರ್ಸಣ. ಕೈ..." ಎಂದೆ. "ಕೈಗೇನಾಗೈತೆ? ಚಳಿ ಕಣೆ" ಎಂದು ಡಬ್ಬಿ ಹಿಡಿದು ಹೊರಟೇಬಿಟ್ಟರು. ನಮ್ಮ ಮನೆಯಲ್ಲಿ ಅವರ ಕೆಲಸದ ಬಗ್ಗೆ ನಾನು ಮಾತಾಡಿದ್ದೇ ಇಲ್ಲ. ಹಾಗೆ ಮಾತಾಡಿದ ಹೆಂಗಸರನ್ನು ನಾನು ನೋಡಿಯೂ ಇರಲಿಲ್ಲ. ಅಡುಗೆಯ ಉಪ್ಪಿನ ಬಗ್ಗೆ ಅವರು ಹೇಳಬಹುದು, ಅಳತೆಯ ಬಗ್ಗೆ ನಾನು ಹೇಳುವುದು ಹೇಗೆ? ನಿಮ್ಮ ಅಮ್ಮ ಆ ವಾರವೆಲ್ಲ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ಅವರು ಬಾಗಿಲಿಂದ ಬಂದರೆ ಇವಳು ಪುಸ್ತಕ ಎತ್ತಿಕೊಂಡು ಒಳಗೆ ಹೋಗುವಳು. ನಾನು ಇಬ್ಬರಿಗೂ ಬೇರೆ ಬೇರೆ ಬಡಿಸಿದೆ.

ಬುಧವಾರ ನನಗೆ ತಕರಾರು ಅರ್ಜಿಯ ನೆನಪು ಬಂತು. ಬಾಯಲ್ಲಿ ಹೇಳುವುದು ಬೇಡ, ಬರೆದು ಕೊಟ್ಟರಾಯಿತು. ಅದೂ ಹೆಂಡತಿಯಾಗಿ ಅಲ್ಲ, ಕೊನೇ ಸ್ಥಾನದ ಟೀಮಾಗಿ. ಅವರಿಗೂ ಅವಮಾನ ಇಲ್ಲ, ಆಟದಲ್ಲಿ ತಮ್ಮ ಕೈಯಿಂದಲೇ ತಿಳಿದುಕೊಳ್ಳುತ್ತಾರೆ. ಮುಂದಿನ ರೇಸು ಭಾನುವಾರ, ಲಾಟು ಹೊರಡುವುದು ಸೋಮವಾರ. ಸಮಯ ಇದೆ. ಅರ್ಜಿಯನ್ನು ರೇಸು ಶುರುವಾಗುವ ಮೊದಲು ಕೊಡಬೇಕು ಎಂದಲ್ಲವೇ ನಿಯಮ? ಹೀಗೆ ನನಗೆ ನಾನೇ ಹೇಳಿಕೊಂಡೆ. ಮೊದಲು ಕೊಡಬೇಕು ಎಂದರೆ ಬುಧವಾರವೂ ಮೊದಲೇ ಎಂದು ನನಗೆ ತಿಳಿಯದೆ ಇರಲಿಲ್ಲ. ಅವತ್ತೇ ಬರೆದು ಅಕ್ಕಿ ಡಬ್ಬಿಯೊಳಗೆ ಇಟ್ಟೆ. ಭಾನುವಾರ ಬರುವವರೆಗೆ ದಿನಾ ಅಕ್ಕಿ ತೆಗೆಯುವಾಗ ಹಾಳೆ ಕೈಗೆ ತಾಕುತ್ತಿತ್ತು.

ಭಾನುವಾರ ಮಧ್ಯಾಹ್ನ ತಂತಿಹಳ್ಳಿಯಲ್ಲಿ ಹಲಗೆ ಇಟ್ಟಾಗಿತ್ತು. ಮಾಮ ಬೇಡಿಕೊಂಡದ್ದಕ್ಕೆ ನಿಮ್ಮ ಅಮ್ಮನೂ ಮುಖ ಊದಿಸಿಕೊಂಡು ಬಂದಿದ್ದಳು. ನಾನು ಹಾಳೆಯನ್ನು ತಾತನ ಮುಂದೆ ಹಿಡಿದೆ. ಕೈಯಲ್ಲಿ ಅಕ್ಕಿ ಹಿಟ್ಟಿನ ಪುಡಿ ಅಂಟಿತ್ತು.

"ಏನಿದು?"

"ಓದಿ."

ತಾತ ಕನ್ನಡಕ ಏರಿಸಿ ಎಲ್ಲರಿಗೂ ಕೇಳಿಸುವಂತೆ ಓದಿದರು. "ತಿರುಗಣಿ ದೇಶದ ಮುಖ್ಯ ಅಧಿಕಾರಿಗಳಿಗೆ. ಕೊನೇ ಸ್ಥಾನದಲ್ಲಿರುವ ಟೀಮಿನ ತಕರಾರು ಏನೆಂದರೆ, ಟ್ಯಾಂಕಿಪುರದ ರೇಸಿನಲ್ಲಿ ಪಾಸಾದ ಚಕ್ರವನ್ನೂ ಫೇಲಾದ ಚಕ್ರವನ್ನೂ ತಾವು ಎಲ್ಲರ ಎದುರು ಮೂರು ಮೂರು ಸಲ ಅಳೆದು, ನಂತರ ರಿಂಗಿಗೆ ಹಾಕಿ ನೋಡಬೇಕಾಗಿ ವಿನಂತಿ. ತಕರಾರು ಸುಳ್ಳಾದರೆ ನನ್ನ ಅಂಕ ತೆಗೆಯಬಹುದು. ಇಂತಿ ತಮ್ಮ ವಿಧೇಯಳು."

ಓದಿ ಜೋರಾಗಿ ನಕ್ಕರು. "ಇರೋದೇ ನಾಲ್ಕು ಅಂಕ, ಅದನ್ನೂ ಕಳ್ಕಂತೀಯಲ್ಲೇ!"

"ಅಕ್ಕಾರು ಬಾಯಿ ಬಿಟ್ರಲ್ರೀ! ಮಳಿ ಬರ್ತೈತಿ ಇವತ್ತು" ಎಂದರು ಮಾಮ.

ತಾತ ಪೆಟ್ಟಿಗೆ ತೆಗೆದು ಚಕ್ಕಳಮಕ್ಕಳ ಹಾಕಿ ಕೂತರು. ನಿಮ್ಮ ಅಮ್ಮ ನೋಟ್‌ಬುಕ್ ಹಿಡಿದು ಲೆಕ್ಕ ಬರೆಯಲು ಕೂತಳು. ಮೊದಲು ಅವಳ ಚಕ್ರ. ಒಂದನೇ ಸಲ ಅಳೆದರು, ದೊಡ್ಡದು ಎಂದು ಬಂತು. "ನೋಡು" ಎಂದು ನನ್ನ ಕಡೆ ಹುಬ್ಬು ಹಾರಿಸಿದರು. ಎರಡನೇ ಸಲ ಅಳೆದರು. ಚಿಕ್ಕದು ಎಂದು ಬಂತು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಮೂರನೇ ಸಲ ಅಳೆಯುವಾಗ ತುದಿ ತಿರುಗಿಸುವ ಹೆಬ್ಬೆರಳು ನಿಲ್ಲಲೇ ಇಲ್ಲ, ಚಕ್ರ ಮೈಕ್ರೊಮೀಟರಿನ ಬಾಯಿಂದ ಜಾರಿ ತಾರಸಿಯ ಮೇಲೆ ಟಿಣ್ ಎಂದು ಬಿದ್ದು ಉರುಳಿತು. ಯಾರೂ ಎತ್ತಿಕೊಡಲಿಲ್ಲ. ಅವರೇ ಬಗ್ಗಿ ಎತ್ತಿಕೊಂಡು ಅಳೆದರು. ಮೊದಲ ಎರಡೂ ಅಲ್ಲದ ಮೂರನೆಯ ಲೆಕ್ಕ ಬಂತು.

"ಬರಿ" ಎಂದರು ಮಗಳಿಗೆ. ಅವಳು ಬರೆಯಲಿಲ್ಲ.

ಮಾಮ ದಡಬಡ ಎದ್ದರು. "ಅಣ್ಣಾರ, ತಪ್ಪು ನಂದ್ರಿ. ನಾನಽ ಹೋದ ವಾರ ಅಳತಿ ಆದ ಮ್ಯಾಲೆ ದೊಡ್ಡ ಚಕ್ರ ಹಾಕ್ಕೊಂಡೀನಿ. ಅಕ್ಕಾರು ಅದನ್ನ ನೋಡ್ಯಾರ. ನನ್ನ ಅಂಕ ಎಲ್ಲ ಕಳೀರಿ, ಮುಗದು ಹೋಗ್ಲಿ."

"ಸುಳ್ಳು ಹೇಳ್ಬ್ಯಾಡ ಕಣಯ್ಯ" ಎಂದರು ತಾತ. ಸಿಟ್ಟಿರಲಿಲ್ಲ ದನಿಯಲ್ಲಿ. "ರಿಂಗ್ ಕೊಡು."

ಮಗಳ ಚಕ್ರ ರಿಂಗಿನಿಂದ ಬಿತ್ತು. ಮಾಮನದು ಸಿಕ್ಕಿಕೊಂಡಿತು. ತಾತ ಮೈಕ್ರೊಮೀಟರನ್ನು ಪೆಟ್ಟಿಗೆಗಿಟ್ಟು ಮುಚ್ಚಿ, ರಿಂಗನ್ನು ಅಂಗೈಯಲ್ಲಿಟ್ಟುಕೊಂಡರು. ತಂತಿಯ ಮೇಲಿನ ಒದ್ದೆ ಪಂಚೆಯಿಂದ ನೀರು ಅವರ ಭುಜದ ಮೇಲೆ ತೊಟ್ಟಿಕ್ಕುತ್ತಿತ್ತು.

"ತಕರಾರು ಸರಿ ಐತೆ" ಎಂದರು. "ಟ್ಯಾಂಕಿಪುರದ ರೇಸು ಮಗಳಿಗೆ. ಬರ್ಕೊ." ಆಮೇಲೆ ನನ್ನ ಕಡೆ ತಿರುಗಿದರು. "ಶರಟು ತಗೊಂಡ್ಬಾ. ಓನರ್ ಮನೆಗೆ ಹೋಗ್ಬೇಕು."

ಕೆಳಗೆ ಶರಟಿನ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ. ನಾನು ಹಾಕಿದೆ. ಅದು ಮೊದಲ ಸಲ. ನಾನೂ ಜೊತೆಗೆ ಬಸ್ಸು ಹತ್ತಿದೆ, ಬೇಡ ಎನ್ನಲಿಲ್ಲ. ಓನರ ಮನೆ ರಾಜಾಜಿನಗರದಲ್ಲಿ. ಅವರು ಊಟ ಮುಗಿಸಿ ಮಲಗಿದ್ದರೇನೋ, ಲುಂಗಿಯಲ್ಲೇ ಬಾಗಿಲಿಗೆ ಬಂದರು.

"ಏನ್ರೀ, ಭಾನುವಾರ?"

"ನಾಳೆ ಹಬ್ಬಿನ ಲಾಟ್ ಕಳಿಸ್ಬೇಡಿ ಸಾರ್."

"ಯಾಕೆ? ಅದು ನೀವೇ ಪಾಸ್ ಮಾಡಿರೋ ಲಾಟ್ ಅಲ್ವಾ?"

"ನಾನು ಪಾಸ್ ಮಾಡಿದ್ದಕ್ಕೇ ಸಾರ್ ಕಳಿಸ್ಬೇಡಿ ಅಂತಿರೋದು."

ಓನರು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ತಾತ ಬಲಗೈಯನ್ನು ಮುಂದೆ ಚಾಚಿ ಹಿಡಿದರು, ಸಾಲ ಕೇಳುವವರ ಹಾಗೆ ಅಲ್ಲ, ಟೇಬಲ್ಲಿನ ಮೇಲೆ ತುಂಡು ಇಟ್ಟು ತೋರಿಸುವ ಹಾಗೆ. ಆ ಕೈ ತಾನಾಗಿ ಆಡುವುದನ್ನು ಓನರು ನೋಡಿದರು. ಒಳಗೆ ಕರೆದು ನೀರು ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನಾವು ಅಕ್ಕಪಕ್ಕ ಕೂತಿದ್ದೆವು.

ಲಾಟನ್ನು ಬೇರೆ ಕಡೆ ಕಳಿಸಿ ಅಳೆಸಿದರು. ಹನ್ನೊಂದು ಹಬ್ಬಿನ ತೂತು ದೊಡ್ಡದಿತ್ತು. ಅವಕ್ಕೆ ಕೆಂಪು ಬಳಿದವರು ತಾತನೇ. "ಬಣ್ಣ ಬಳ್ಯಾಕೆ ಕೈ ನಡುಗುದ್ರೂ ನಡೀತದೆ" ಎಂದು ಮನೆಗೆ ಬಂದು ಹೇಳಿದರು, ಅಂಗಿಯ ತೋಳಿನ ಮೇಲೆ ಕೆಂಪು ಇತ್ತು. ಆ ಕಲೆ ಹೋಗಲಿಲ್ಲ.

ಹಬ್‌ಗಳು ನಿಂತವು. ಆದರೆ ಆ ವಾರ ತಾತ ಬರೀ ಹಬ್ ಅಳೆದಿರಲಿಲ್ಲ. ಪಂಪಿನ ಭಾಗಗಳ ಒಂದು ಲಾಟನ್ನೂ ಪಾಸು ಮಾಡಿದ್ದರು, ಅದು ಗುರುವಾರವೇ ಹೊರಟುಹೋಗಿತ್ತು. ಅದರಲ್ಲೂ ತಪ್ಪು ತುಂಡುಗಳು ಸಿಕ್ಕವು. ಪಂಪಿನ ಕಂಪನಿಯವರು ಲಾಟು ವಾಪಸು ಕಳಿಸಿ, ಮುಂದಿನ ಕೆಲಸವನ್ನು ಬೇರೆ ಶೆಡ್ಡಿಗೆ ಕೊಟ್ಟರು. ಆ ಪಂಪಿನ ಕೆಲಸ ನಡೆಯುತ್ತಿದ್ದದ್ದು ಮಾಮನ ಮಿಷಿನ್ನಿನಲ್ಲಿ. ಎರಡು ತಿಂಗಳು ಮಿಷಿನ್ ಸುಮ್ಮನೆ ನಿಂತಿತು. ಆಮೇಲೆ ಮಾಮ ಟ್ರಂಕು ಇಳಿಸಿಕೊಂಡು ಊರಿಗೆ ಹೊರಟರು.

"ಹೆಂಗೂ ಹೋಗಾಂವನಽ ಇದ್ದೆ ಅಕ್ಕಾರ. ಮಗಳು ನನ್ನ ಗುರ್ತಽ ಹಿಡಿವಲ್ಲಳು" ಎಂದರು. ನನಗೆ ಸಮಾಧಾನ ಹೇಳುತ್ತಿದ್ದರು. ನಾನು ಬುತ್ತಿ ಕಟ್ಟಿಕೊಟ್ಟೆ.

ತಿರುಗಣಿ ದೇಶದ ಆ ಸೀಸನ್ ಅಲ್ಲಿಗೇ ನಿಂತಿತು. ತಾತನನ್ನು ಓನರು ಒಂದು ವರ್ಷ ಸ್ಟೋರಿನಲ್ಲಿ ಕೂರಿಸಿದ್ದರು, ಬಂದ ಸಾಮಾನು ಎಣಿಸಿ ಇಡುವ ಕೆಲಸ. ನಂತರ ಅದಕ್ಕೂ ಆಗಲಿಲ್ಲ. ಡಾಕ್ಟರು ಕಾಯಿಲೆಗೆ ಹೆಸರು ಹೇಳಿದರು, ಮಾತ್ರೆ ಬರೆದರು. ನಿಮ್ಮ ಅಮ್ಮನ ಮದುವೆ ಆಯಿತು. ನಾನು ಅವರಿಗೆ ಸ್ನಾನ ಮಾಡಿಸಿದೆ, ಉಣಿಸಿದೆ, ಗುಂಡಿ ಹಾಕಿದೆ, ಮಧ್ಯೆ ಮಧ್ಯೆ ಬೈದೆ. ಎಷ್ಟು ವರ್ಷ ಎಂದು ಲೆಕ್ಕ ಇಡಲಿಲ್ಲ. ದಣಿವು ಎನ್ನುವುದು ಉಟ್ಟುಕೊಂಡ ಹಳೇ ಸೀರೆಯಂತಾಗಿತ್ತು, ಬೇರೆ ಉಡುವುದು ಮರೆತೇ ಹೋಗಿತ್ತು.

ಒಂದು ಬೆಳಗ್ಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದೆ. ನುಂಗಿ ಕೇಳಿದರು. ಅಷ್ಟರಲ್ಲಿ ಅವರ ಮಾತು ತೊದಲುತ್ತಿತ್ತು, ಆದರೂ ಸ್ಪಷ್ಟವಾಗಿ ಕೇಳಿಸಿತು.

"ನೀನು ಯಾವಾಗ ನೋಡ್ದೆ?"

"ಏನನ್ನ?"

"ರಿಂಗಲ್ಲಿ ಹಾಕಿ."

ಅವರ ಕಣ್ಣು ನನ್ನ ಮುಖ ಬಿಟ್ಟು ಅಲುಗಲಿಲ್ಲ. ಟೇಬಲ್ಲಿನ ಮುಂದೆ ಕೂತಾಗಿನ ಕಣ್ಣು ಅದು.

"ಅವತ್ತೇ ಬೆಳಗ್ಗೆ. ಅರ್ಜಿ ಕೊಟ್ಟ ದಿವ್ಸಾನೇ" ಎಂದೆ.

"ಹೂಂ" ಎಂದು ಬಾಯಿ ತೆರೆದರು, ನಾನು ಮುಂದಿನ ತುತ್ತು ಇಟ್ಟೆ. ಮತ್ತೆ ಕೇಳಲಿಲ್ಲ. ನಂಬಿದರೋ, ಸುಳ್ಳೆಂದು ತಿಳಿದೂ ನನ್ನನ್ನು ಹೋಗಲಿ ಎಂದು ಬಿಟ್ಟರೋ ಇವತ್ತಿಗೂ ತಿಳಿದಿಲ್ಲ. ಆ ಚಳಿಗಾಲ ಅವರು ಹೋದರು.

ನಾನು ನೋಡಿದ್ದು ಅರ್ಜಿ ಕೊಟ್ಟ ದಿನಕ್ಕೆ ಏಳು ದಿನ ಮೊದಲು. ಭಾನುವಾರ ಸಂಜೆಯೇ ಹೇಳಿದ್ದರೆ ಪಂಪಿನ ಲಾಟು ಹೊರಡುತ್ತಿರಲಿಲ್ಲ, ಮಾಮ ಊರಿಗೆ ಹೋಗುತ್ತಿರಲಿಲ್ಲ. ಮಗಳು ತಂದೆಯ ಜೊತೆ ಮಾತು ಬಿಟ್ಟು ಕಳೆದ ಆ ವಾರವೂ ಉಳಿಯುತ್ತಿತ್ತು, ಅವರು ತಮ್ಮ ಕೈಯನ್ನು ನಂಬಿದ್ದ ಕೊನೆಯ ವಾರ ಅದು. ಹಬ್‌ಗಳು ಹೇಗೋ ಉಳಿದವು ಎಂದು ಎಲ್ಲರೂ ನನ್ನನ್ನು ಹೊಗಳಿದರು. ಓನರ ಹೆಂಡತಿ ಒಂದು ಸೀರೆ ಕೊಟ್ಟು ಕಳಿಸಿದ್ದರು. ಅರ್ಜಿ ಕೊಟ್ಟದ್ದು ಆ ಕಾರಿನ ಮಗುವಿಗಾಗಿ ಎಂದು ನಾನೂ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಒಬ್ಬಳೇ ತಿಳಿದುಕೊಂಡಿರುವುದು ಸಾಕಾಗಿತ್ತು. ಅಷ್ಟು ಸಾಕಾಗಲು ಏಳು ದಿನ ಹಿಡಿಯಿತು.

ಇದು ನಿಮ್ಮ ಅಮ್ಮನಿಗೆ ಗೊತ್ತಿಲ್ಲ. ಹಾವೇರಿಯ ಮಾಮನಿಗೂ ಗೊತ್ತಿಲ್ಲ, ಅವರು ಈಗಲೂ ಯುಗಾದಿಗೆ ಫೋನ್ ಮಾಡಿ "ಅಕ್ಕಾರ, ಅರಾಮ್ರೀ?" ಎಂದು ಕೇಳುತ್ತಾರೆ, ನಾನು ಅರಾಮು ಎನ್ನುತ್ತೇನೆ. ಬಾಯಲ್ಲಿ ಹೇಳಲು ನನ್ನಿಂದ ಈಗಲೂ ಆಗುವುದಿಲ್ಲ. ನಿಮಗೆ ಕನ್ನಡ ಇನ್ನೂ ಕೂಡಿಸಿ ಕೂಡಿಸಿ ಓದಬೇಕು, ಅದಕ್ಕೆ ಧೈರ್ಯವಾಗಿ ಬರೆದಿದ್ದೇನೆ. ಸರಾಗವಾಗಿ ಓದಲು ಬಂದ ಮೇಲೆ ಪೂರ್ತಿ ಓದಿ, ಆಮೇಲೆ ಅಮ್ಮನಿಗೆ ಕೊಡಿ. ಅವಳಿಗೆ ಸಿಟ್ಟು ಬಂದರೆ ಬರಲಿ, ಅವಳ ಸಿಟ್ಟು ನ್ಯಾಯವಾದದ್ದು. ಮಾಮನ ನಂಬರು ಅವಳ ಹತ್ತಿರ ಇದೆ.

ಅಲ್ಲಿಯ ತನಕ ಈ ಹಾಳೆಗಳನ್ನು ನಿಮ್ಮ ಹಳೇ ನೋಟ್‌ಬುಕ್ಕುಗಳ ಜೊತೆ ರದ್ದಿಯವನಿಗೆ ಹಾಕಿಬಿಡಬೇಡಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೀರು ತಾಕದ ಕಡೆ ಇಡಿ. ಎಲ್ಲಿಟ್ಟಿದ್ದೀರಿ ಎಂದು ಇಬ್ಬರಿಗೂ ನೆನಪಿರಲಿ, ಒಬ್ಬರಿಗೆ ಮಾತ್ರ ಗೊತ್ತಿರುವುದು ಬೇಡ.